ಹಿಡಿಯೂ ಕೈಯ ಮಾತನ್ನು ಕೇಳಲಿ

ಕೊಡಲಿಯ ಕಾವು ಕುಲಕ್ಕೆ ಮೃತ್ಯು ಎಂಬ ಗಾದೆಯನ್ನು ನಮ್ಮ ಹಿರಿಯರು ಸ್ವಜನದ್ರೋಹಕ್ಕೆ ದೃಷ್ಟಾಂತವಾಗಿ ಹೇಳುತ್ತ ಬಂದಿದ್ದಾರೆ. ಮರದ ಕುಲದ ಪಾಲಿಗೆ ಆ ಮಾತು ನಿಜವಿರಬಹುದು. ಆದರೆ ಕೊಡಲಿಯನ್ನು ಎತ್ತುವವನ ಕಡೆಯಿಂದ ನೋಡಿದರೆ, ಉಕ್ಕಿನ ಕಾಠಿನ್ಯಕ್ಕೂ ಅಂಗೈಯ ಮಾರ್ದವಕ್ಕೂ ನಡುವೆ ನಿಂತು, ಪ್ರತಿಯೊಂದು ಪೆಟ್ಟಿನ ಆಘಾತದಲ್ಲಿ ತಾನೊಂದು ಪಾಲನ್ನು ನುಂಗಿ, ಉಳಿದುದನ್ನು ಮಾತ್ರ ಕೈಗೆ ಬಿಡುವ ಆ ಮೊಳದುದ್ದದ ಕಟ್ಟಿಗೆಯಷ್ಟು ಉಪಕಾರಿಯಾದ ವಸ್ತು ಮತ್ತೊಂದಿಲ್ಲ. ಅಲಗಿನ ಹರಿತವನ್ನು ಹೊಗಳುವವರು ಬಹಳ. ಹಿಡಿಯ ಗುಣವನ್ನು ವಿಚಾರಿಸುವವರು ವಿರಳ. ಈ ವಿಚಾರವನ್ನು ನಾನು ಈಗ ಎತ್ತುವುದಕ್ಕೆ ನಿಮಿತ್ತವಾದದ್ದು ಕೊಡಲಿಯೂ ಅಲ್ಲ, ಕುಡಗೋಲೂ ಅಲ್ಲ; ಒಂದು ಪಿಸ್ತೂಲು.

ಪಿಸ್ತೂಲೆಂದ ಕೂಡಲೆ ಓದುಗರು ಬೆಚ್ಚಬೇಕಾದುದಿಲ್ಲ. ಚಿಕ್ಕೋಡಿಯ ಸಮೀಪದ ಒಂದು ಹಳ್ಳಿಯಲ್ಲಿ, ನನಗೆ ಬಹುಕಾಲದಿಂದ ಪರಿಚಿತವಾದ ಒಂದು ಒಕ್ಕಲಿನ ಮನೆಯಲ್ಲಿ, ಕೊಲ್ಲಾಪುರದ ಕಾಲೇಜಿನಲ್ಲಿ ಓದುತ್ತ ಗಾಳಿಪಿಸ್ತೂಲಿನ ಗುರಿಯಾಟವನ್ನು ಅಭ್ಯಾಸ ಮಾಡುತ್ತಿರುವ ಮಗಳೊಬ್ಬಳು ರಜೆಗೆ ಬಂದಿದ್ದಳು. ಪಿಸ್ತೂಲನ್ನು ಅಭ್ಯಾಸದ ಸ್ಥಳದಲ್ಲಿಯೇ ಬಿಟ್ಟು, ಅದರ ಮರದ ಹಿಡಿಯನ್ನು ಮಾತ್ರ ಬಿಚ್ಚಿಕೊಂಡು ತಂದಿದ್ದ ಅವಳು, ಮನೆಯ ಮುಂದಣ ಕಟ್ಟೆಯ ಮೇಲೆ ಒಂದು ಹಳೆಯ ಅರವನ್ನೂ ಎರಡು ತುಂಡು ಸ್ಯಾಂಡ್ ಪೇಪರನ್ನೂ ಮುಂದಿಟ್ಟುಕೊಂಡು, ದೀಪದ ಮಸಿಯನ್ನು ಅಂಗೈಗೆಲ್ಲ ಬಳಿದುಕೊಂಡು ಕುಳಿತಿದ್ದ ರೀತಿ ನೋಡುವವರಿಗೆ ಹುಡುಗಾಟವೆಂದು ತೋರುವಂತಿತ್ತು. ಆಕೆ ಮಸಿಯ ಕೈಯಿಂದ ಹಿಡಿಯನ್ನು ಬಿಗಿಯಾಗಿ ಹಿಡಿದು ಬಿಡುವಳು. ಮರದ ಮೇಲೆ ಎಲ್ಲೆಲ್ಲಿ ಮಸಿ ದಟ್ಟವಾಗಿ ಅಂಟಿತೋ ಅಲ್ಲಲ್ಲಿ ಅರವನ್ನು ಎರಡು ಸಾರಿ ಆಡಿಸುವಳು. ಮತ್ತೆ ಮಸಿ, ಮತ್ತೆ ಹಿಡಿತ, ಮತ್ತೆ ಅರ. ಹೀಗೆ ಒಂದು ಮಧ್ಯಾಹ್ನವೆಲ್ಲ ಕಳೆಯಿತು.

ಕೇಳಿದ್ದಕ್ಕೆ ಆಕೆ ವಿವರಿಸಿದ ಸಂಗತಿ ಚಿಂತನಾರ್ಹವಾಗಿತ್ತು. ಗುರಿಯಾಟದ ಪಿಸ್ತೂಲುಗಳ ಹಿಡಿಯನ್ನು ಸಾಮಾನ್ಯವಾಗಿ ಅಕ್ರೋಟಿನ ಮರದಿಂದ ಮಾಡುತ್ತಾರೆ. ಅಂಗೈಯ ಉಬ್ಬುತಗ್ಗುಗಳನ್ನು ಅನುಸರಿಸಿ ಅದನ್ನು ಕೆತ್ತಿರುತ್ತಾರೆ. ಸಣ್ಣದು, ಮಧ್ಯಮ, ದೊಡ್ಡದು ಎಂಬ ಅಳತೆಗಳಲ್ಲಿ ಅದು ದೊರೆಯುತ್ತದೆ. ಎಡಗೈಯವರಿಗೆ ಬೇರೆಯೇ ಉಂಟು. ಅಂಗೈಯ ಕೆಳ ಅಂಚು ಊರಿಕೊಳ್ಳುವ ಒಡ್ಡೊಂದನ್ನು ತಿರುಪು ಸಡಿಲಿಸಿ ಮೇಲಕ್ಕೂ ಕೆಳಕ್ಕೂ ಸರಿಸಬಹುದು. ಇಷ್ಟೆಲ್ಲ ಅನುಕೂಲವಿದ್ದರೂ ಕಾರ್ಖಾನೆಯಿಂದ ಬಂದ ಹಿಡಿ ಯಾರ ಕೈಗೂ ಪೂರ್ತಿಯಾಗಿ ಒಪ್ಪುವುದಿಲ್ಲವಾದ್ದರಿಂದ, ಉಬ್ಬಿದ ಕಡೆ ಅರೆಯುವುದು, ಪೊಳ್ಳು ಉಳಿದ ಕಡೆ ಮರಕ್ಕೆ ತುಂಬುವ ಲೇಪವನ್ನು ಮೆತ್ತಿ ಹಸಿಯಿರುವಾಗಲೇ ಕೈಯಿಂದ ಒತ್ತಿ ತನ್ನ ಬೆರಳುಗಳ ಅಚ್ಚನ್ನು ಮೂಡಿಸುವುದು, ಒಣಗಿದ ಮೇಲೆ ಮತ್ತೆ ತೀಡುವುದು, ಇವೆಲ್ಲವೂ ಆಟಗಾರನೇ ಮನೆಯಲ್ಲಿ ಕುಳಿತು ಮಾಡಿಕೊಳ್ಳತಕ್ಕ ಕೆಲಸ. ಹಿಡಿ ದಪ್ಪವಾಗಿದ್ದರೆ ತೋರುಬೆರಳು ಕುದುರೆಯನ್ನು, ಅಂದರೆ ಟ್ರಿಗರನ್ನು, ಮುಟ್ಟುವಾಗ ಓರೆಯಾಗಿ ಚಾಚಿಕೊಳ್ಳುತ್ತದೆ. ಓರೆಯಾಗಿ ಚಾಚಿದ ಬೆರಳು ಹಿಂದಕ್ಕೆ ನೇರವಾಗಿ ಎಳೆಯುವ ಬದಲು ಪಕ್ಕಕ್ಕೆ ನೂಕುತ್ತದೆ. ಕೈಯಲ್ಲಿ ಕೂದಲೆಳೆಯಷ್ಟಾದ ಆ ನೂಕು 10 ಮೀಟರು ದೂರದ ಗುರಿಫಲಕವನ್ನು ಮುಟ್ಟುವಷ್ಟರಲ್ಲಿ ಅಪರಾಧವಾಗಿ ಬೆಳೆದಿರುತ್ತದೆ. ಏಕೆಂದರೆ ಆ ಫಲಕದಲ್ಲಿ ಹತ್ತು ಅಂಕದ ವೃತ್ತದ ವ್ಯಾಸ ಕೇವಲ 11.5 ಮಿಲಿಮೀಟರು.

ನಿಯಮಗಳಿಗೂ ಕೊರತೆಯಿಲ್ಲ. ಗಾಳಿಪಿಸ್ತೂಲಿನ ತೂಕ ಒಂದೂವರೆ ಕಿಲೋ ಮೀರಕೂಡದು. ಕುದುರೆಯನ್ನೆಳೆಯಲು 500 ಗ್ರಾಮಿಗೆ ಕಡಿಮೆಯಿಲ್ಲದ ಬಲ ಬೇಕು. ಹಿಡಿ ಕೈಯನ್ನು ಸುತ್ತುವರಿಯಬಾರದು, ಮಣಿಕಟ್ಟಿಗೆ ಆಸರೆ ಕೊಡಬಾರದು. ನಿಯಮಗಳ ಎಲ್ಲೆಯೊಳಗೆ ಹಿಡಿಯನ್ನು ತನ್ನ ಕೈಗೆ ತಕ್ಕಂತೆ ತಿದ್ದಿಕೊಳ್ಳುವ ಸ್ವಾತಂತ್ರ್ಯ ಆಟಗಾರನದು. ತಿದ್ದುವ ಅಧಿಕಾರ ಮರಕ್ಕೆ ಮಾತ್ರ ಸಂಬಂಧಿಸಿದ್ದು, ಕುದುರೆಯ ಯಂತ್ರಕ್ಕಾಗಲಿ ನಳಿಗೆಗಾಗಲಿ ಮನೆಯಲ್ಲಿ ಕೈ ಹಾಕಕೂಡದೆಂಬ ವಿವೇಕವನ್ನೂ ಆ ಹುಡುಗಿ ತನ್ನ ಗುರುಗಳಿಂದ ಕಲಿತಿದ್ದಳೆಂಬುದು ನನಗೆ ಸಂತೋಷವನ್ನುಂಟುಮಾಡಿತು.

ಇದನ್ನೆಲ್ಲ ಒಳಬಾಗಿಲಲ್ಲಿ ಕುಳಿತು ನೋಡುತ್ತಿದ್ದ ಆಕೆಯ ಅಜ್ಜಿ, ಮೊಮ್ಮಗಳು ಅರವನ್ನು ಕೆಳಗಿಟ್ಟ ಹೊತ್ತನ್ನು ನೋಡಿ ಎದ್ದು ಬಂದು, ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಕಳೆ ತೆಗೆಯುವ ಕುರ್ಪಿಯನ್ನು ಅವಳ ಮುಂದೆ ಚಾಚಿ, “ಯವ್ವಾ, ನಂದೂ ಒಂದೀಟು ತೀಡಿ ಕೊಡವಾ. ಮೂವತ್ತ ವರ್ಷ ಆತು, ಈ ಹಿಡಿ ನನ್ನ ಅಂಗೈ ತಿನ್ನಾಕ ಹತ್ತೇತಿ” ಎಂದಳು. ಹುಡುಗಿ ನಕ್ಕಳು, ಅಜ್ಜಿ ನಗಲಿಲ್ಲ. ಅಜ್ಜಿಯ ಅಂಗೈಯನ್ನು ತೆರೆದು ನೋಡಿದ ಮೇಲೆ ಹುಡುಗಿಯೂ ನಗುವುದನ್ನು ನಿಲ್ಲಿಸಿದಳು. ಈ ಲೇಖನದ ತಾತ್ಪರ್ಯವೆಲ್ಲ ಆ ವೃದ್ಧೆಯ ಮಾತಿನಲ್ಲಿಯೇ ಅಡಗಿದೆ. ನಾನು ಮಾಡುತ್ತಿರುವುದು ವ್ಯಾಖ್ಯಾನ ಮಾತ್ರ.

ನಿಪ್ಪಾಣಿಯಿಂದ ಸುಮಾರು 40 ಕಿಲೋಮೀಟರು ದೂರದಲ್ಲಿರುವ ಕೊಲ್ಲಾಪುರ ಹಿಂದೆ ಮಲ್ಲರ ಊರೆಂದು ಹೆಸರಾದದ್ದು. ಈಗ ಗುರಿಕಾರರ ಊರೂ ಆಗಿದೆ. 2010ರಲ್ಲಿ ಮ್ಯೂನಿಕ್ಕಿನಲ್ಲಿ ರೈಫಲಿನ ವಿಶ್ವಚಾಂಪಿಯನ್ನಾದ ತೇಜಸ್ವಿನಿ ಸಾವಂತ, 2018ರ ಏಷ್ಯನ್ ಕ್ರೀಡೆಗಳಲ್ಲಿ 25 ಮೀಟರ್ ಪಿಸ್ತೂಲಿನಲ್ಲಿ ಬಂಗಾರ ಗೆದ್ದು, ಆ ಕ್ರೀಡೆಗಳ ಗುರಿಯಾಟದಲ್ಲಿ ಬಂಗಾರ ಪಡೆದ ಮೊದಲ ಭಾರತೀಯ ಮಹಿಳೆಯಾದ ರಾಹಿ ಸರ್ನೋಬತ್, 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ರೈಫಲಿನ ಕಂಚು ತಂದ ಸ್ವಪ್ನಿಲ್ ಕುಸಾಳೆ, ಈ ಮೂವರೂ ಆ ಜಿಲ್ಲೆಯವರೇ. ನಮ್ಮ ಕರ್ನಾಟಕಕ್ಕೂ ಬೆಂಗಳೂರಿನ ಪ್ರಕಾಶ ನಂಜಪ್ಪನವರು 2016ರ ರಿಯೋ ಒಲಿಂಪಿಕ್ಸಿನಲ್ಲಿ ಪಿಸ್ತೂಲು ಹಿಡಿದು ನಿಂತ ಕೀರ್ತಿಯುಂಟು. ಇಂಥವರ ಏಕಾಗ್ರತೆಯನ್ನೂ ಉಸಿರಿನ ನಿಯಮವನ್ನೂ ಪತ್ರಿಕೆಗಳು ಕೊಂಡಾಡುತ್ತವೆ, ಅದು ಯೋಗ್ಯವೇ. ಆದರೆ ಆ ಏಕಾಗ್ರತೆಗೆ ಅಡಿಪಾಯವಾಗಿ, ಕೈ ಪ್ರತಿಸಾರಿಯೂ ಅದೇ ಜಾಗದಲ್ಲಿ ಅದೇ ಬಿಗಿಯಲ್ಲಿ ಕೂಡುವಂತೆ ಮಾಡುವ ಒಂದು ತುಂಡು ಮರವಿದೆ ಎಂಬುದನ್ನು ಬಲ್ಲವರು ಕಡಿಮೆ.

ಗಾಳಿಪಿಸ್ತೂಲಿನ ಅರ್ಹತಾ ಸುತ್ತಿನಲ್ಲಿ ಆಟಗಾರನು 75 ನಿಮಿಷಗಳಲ್ಲಿ 60 ಗುಂಡುಗಳನ್ನು ಹಾರಿಸುತ್ತಾನೆ. ಅರವತ್ತು ಬಾರಿ ಹಿಡಿಯುವ ಹಿಡಿಗೆ ಇಷ್ಟು ಉಪಚಾರ. ಈಗ ಕೃಷ್ಣೆಯ ದಂಡೆಯ ಕಬ್ಬಿನ ಹೊಲಕ್ಕೆ ಬರೋಣ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಐದು ತಾಲೂಕುಗಳ ಬದುಕು ಬಹುಮಟ್ಟಿಗೆ ಕಬ್ಬಿನ ಬದುಕು. 1939ರಲ್ಲಿ ಉಗಾರದಲ್ಲಿ ಸಕ್ಕರೆಯ ಕಾರಖಾನೆ ಸ್ಥಾಪನೆಯಾದಂದಿನಿಂದ ಮೊದಲಾಗಿ, ಖಾಸಗಿಯವೂ ಸಹಕಾರಿಯವೂ ಆದ ಅನೇಕ ಕಾರಖಾನೆಗಳು ಈ ಸೀಮೆಯಲ್ಲಿ ತಲೆಯೆತ್ತಿವೆ. ದಸರೆ ಕಳೆದು ದೀಪಾವಳಿ ಬರುವ ಹೊತ್ತಿಗೆ ಬೀಡ ಜಿಲ್ಲೆಯ ಕಡೆಯಿಂದ ಕಬ್ಬು ಕಡಿಯುವವರ ಟೋಳಿಗಳು ಮಕ್ಕಳುಮರಿ ಸಹಿತವಾಗಿ ಬಂದು, ಹೊಲದ ಬದಿಯಲ್ಲಿ ಗುಡಿಸಲು ಕಟ್ಟಿ, ಬೇಸಗೆಯ ಮೊದಲವರೆಗೂ ದುಡಿಯುತ್ತವೆ. ಅವರ ಕೈಯಲ್ಲಿರುವ ಆಯುಧಕ್ಕೆ ಕೊಯ್ತಾ ಎಂದು ಹೆಸರು. ಅರವತ್ತು ಪೆಟ್ಟು ಹಾಕುವುದಕ್ಕೆ ಒಬ್ಬ ಆಳಿಗೆ ಒಂದು ಸಾಲಿನ ಮೊದಲ ಕೆಲವು ಮಾರು ಸಾಕು. ಅಲ್ಲಿಂದ ಮುಂದೆ ಸಾಲು ಇನ್ನೂ ಉಳಿದಿರುತ್ತದೆ, ಸಾಲಿನಾಚೆ ಹೊಲ, ಹೊಲದಾಚೆ ಹಂಗಾಮು.

ಇಲ್ಲಿ ಒಂದು ಲೆಕ್ಕದ ಪದ್ಧತಿಯನ್ನು ಓದುಗರ ಗಮನಕ್ಕೆ ತರಬೇಕು. ಟೋಳಿಯ ಗುತ್ತಿಗೆದಾರನಾದ ಮುಕಾದಮನು ಮುಂಗಡ ಕೊಡುವಾಗ ಗಂಡಹೆಂಡಿರ ಜೋಡಿಯನ್ನು ‘ಒಂದು ಕೊಯ್ತಾ’ ಎಂದು ಎಣಿಸುತ್ತಾನೆ. ಒಂಟಿಯಾಗಿ ಬಂದವರು ‘ಅರ್ಧ ಕೊಯ್ತಾ’. ಇಬ್ಬರು ಮನುಷ್ಯರು, ನಾಲ್ಕು ಕೈಗಳು, ಎರಡು ಬೇರೆ ಬೇರೆ ಅಳತೆಯ ಅಂಗೈಗಳು, ಇವೆಲ್ಲವೂ ಲೆಕ್ಕದ ಪುಸ್ತಕದಲ್ಲಿ ಒಂದು ಕಬ್ಬಿಣದ ಹೆಸರಿನೊಳಗೆ ಮಾಯವಾಗುತ್ತವೆ. ಆಯುಧಕ್ಕೆ ಮನುಷ್ಯನ ಹೆಸರಿಡುವುದನ್ನು ಕೇಳಿದ್ದೇವೆ. ಮನುಷ್ಯನಿಗೆ ಆಯುಧದ ಹೆಸರಿಟ್ಟು, ಹೆಣ್ಣಿನ ಕೈಯನ್ನು ಆ ಹೆಸರಿನ ಅರ್ಧಭಾಗವನ್ನಾಗಿ ಮಾಡಿದ್ದು ನಮ್ಮ ಕಾಲದ ವ್ಯವಹಾರ. ಎಣಿಕೆಯಲ್ಲಿಯೇ ಕಾಣದ ಕೈಗೆ ತಕ್ಕ ಹಿಡಿಯನ್ನು ಯಾರು ಕೆತ್ತಿಯಾರು? ಪೇಟೆಯಿಂದ ತಂದ ಕೊಯ್ತಾದ ಹಿಡಿ ಗಂಡಸಿನ ಮುಷ್ಟಿಗೇ ಸಡಿಲವೋ ಬಿಗಿಯೋ ಆಗಿರುವಾಗ, ಅದೇ ಹಿಡಿ ಹೆಣ್ಣುಮಗಳ ಕೈಯಲ್ಲಿ ಏನು ಸುಖ ಕೊಟ್ಟೀತು? ಆಕೆ ಅದಕ್ಕೆ ಹಳೆಯ ಸೀರೆಯ ಚಿಂದಿಯನ್ನೋ ಸೈಕಲ್ಲಿನ ಟ್ಯೂಬನ್ನೋ ಸುತ್ತಿಕೊಳ್ಳುತ್ತಾಳೆ. ಸುತ್ತಿದ್ದು ಬೆವರಿಗೆ ಜಾರುತ್ತದೆ. ಜಾರಿದಂತೆಲ್ಲ ಇನ್ನೂ ಬಿಗಿಯಾಗಿ ಹಿಡಿಯುತ್ತಾಳೆ. ಬಿಗಿಯಾಗಿ ಹಿಡಿದಂತೆಲ್ಲ ಮುಂಗೈ ಸೋಲುತ್ತದೆ.

ಹಿಂದೆ ಹೀಗಿರಲಿಲ್ಲವೆಂದು ಹೇಳಿದರೆ ಹಳೆಯದನ್ನೆಲ್ಲ ಹೊಗಳುವ ಮುದುಕರ ಚಾಳಿಯೆಂದು ಕೆಲವರು ಎಣಿಸಬಹುದು. ಆ ಕಾಲದಲ್ಲಿ ಅನ್ಯಾಯವಿರಲಿಲ್ಲವೆಂದು ನಾನು ಹೇಳುತ್ತಿಲ್ಲ. ಆಯದ ಧಾನ್ಯವನ್ನು ಅಳೆಯುವ ಕಣದಲ್ಲಿ ಬಡಿಗನೂ ಕಮ್ಮಾರನೂ ದೂರ ನಿಂತು ಕೈಚಾಚಬೇಕಾಗಿದ್ದುದನ್ನು ಬಲ್ಲವರು ಬಲ್ಲರು. ಆದರೆ ಊರಿಗೆ ದುಡಿದು ಧಾನ್ಯ ಪಡೆಯುತ್ತಿದ್ದ ಹನ್ನೆರಡು ಬಲುತೇದಾರರ ಆ ವ್ಯವಸ್ಥೆಯಲ್ಲಿ ಒಂದು ಗುಣವಿತ್ತು: ಕುಡಗೋಲನ್ನು ಮಾಡುವವನಿಗೆ ಅದನ್ನು ಹಿಡಿಯುವವನ ಪರಿಚಯವಿತ್ತು. ಬಡಿಗನು ಕುಂಟೆಗೆ, ಕೂರಿಗೆಗೆ, ರಂಟೆಗೆ ಮೇಳಿಯನ್ನು ಕೂಡಿಸುವಾಗ ಒಕ್ಕಲಿಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಅವನ ಸೊಂಟದ ಎತ್ತರವನ್ನೂ ಮುಷ್ಟಿಯ ದಪ್ಪವನ್ನೂ ಕಣ್ಣಳತೆಯಿಂದ ತೆಗೆದುಕೊಳ್ಳುತ್ತಿದ್ದನು. ಕಮ್ಮಾರನು ಅಲಗಿನ ಬಾಲವನ್ನು ಕೆಂಪಗೆ ಕಾಯಿಸಿ ಜಾಲಿಯ ಹಿಡಿಯೊಳಗೆ ಇಳಿಸಿ, ಮರ ಸೀಳದಂತೆ ಬಾಯಿಗೊಂದು ಕಬ್ಬಿಣದ ಬಳೆ ತೊಡಿಸಿ, “ಹಿಡಿದು ನೋಡು” ಎಂದು ಕೈಗೆ ಕೊಡುತ್ತಿದ್ದನು. ಹಿಡಿದು ನೋಡಿದವನು ಮುಖ ಸಿಂಡರಿಸಿದರೆ ಅಲ್ಲಿಯೇ ಬಾಚಿಯ ಎರಡೇಟು ಬೀಳುತ್ತಿದ್ದವು.

ನಮ್ಮ ಭಾಷೆಯೇ ಇದಕ್ಕೆ ಸಾಕ್ಷಿ. ಮಾರು, ಮೊಳ, ಗೇಣು, ಚೋಟು, ಹಿಡಿ, ಬೆರಳು, ಈ ಅಳತೆಗಳೆಲ್ಲವೂ ಶರೀರದಿಂದ ಹುಟ್ಟಿದವು. ಒಂದು ಮೊಳವೆಂದರೆ ಯಾರ ಮೊಳವೆಂದು ಕೇಳುವ ಹಕ್ಕು ಅಲ್ಲಿ ಇದ್ದೇ ಇರುತ್ತಿತ್ತು. ಅರಿವೆಯನ್ನು ಅಳೆಯುವಾಗ ಅದು ಜಗಳಕ್ಕೆ ಕಾರಣವಾಗುತ್ತಿತ್ತೆಂಬುದು ನಿಜ, ಆದರೆ ಹಿಡಿಯನ್ನು ಕೆತ್ತುವಾಗ ಅದೇ ನ್ಯಾಯಕ್ಕೆ ಕಾರಣವಾಗುತ್ತಿತ್ತು. 1956ರ ಅಧಿನಿಯಮದ ತರುವಾಯ ಮೀಟರೂ ಕಿಲೋಗ್ರಾಮೂ ಬಂದು ವ್ಯಾಪಾರಕ್ಕೆ ಶಿಸ್ತು ಬಂದಿತು. ಅದನ್ನು ಯಾರೂ ಹಳಿಯಬೇಕಾದುದಿಲ್ಲ. ಆದರೆ ಎಲ್ಲರಿಗೂ ಒಂದೇ ಮೀಟರು ಎಂಬ ನಿಯಮವು ಎಲ್ಲರಿಗೂ ಒಂದೇ ಹಿಡಿ ಎಂಬ ರೂಢಿಯಾಗಿ ಪರಿಣಮಿಸಬೇಕಾಗಿರಲಿಲ್ಲ.

ಸರಾಸರಿ ಮನುಷ್ಯನಿಗೆಂದು ಒಂದು ವಸ್ತುವನ್ನು ಮಾಡಿದರೆ ಅದು ಬಹುಜನರಿಗೆ ಒಪ್ಪುವುದೆಂಬ ನಂಬಿಕೆ ಎಷ್ಟು ಪೊಳ್ಳೆಂಬುದನ್ನು ಅಮೆರಿಕದ ವಾಯುಸೇನೆಯವರು ಬಹಳ ಹಿಂದೆಯೇ ಕಂಡುಕೊಂಡರು. ವಿಮಾನದ ಆಸನವನ್ನೂ ಹಿಡಿಗಳನ್ನೂ ಸರಾಸರಿ ಅಳತೆಗೆ ಮಾಡಿಸಿ ಅಪಘಾತಗಳಿಗೆ ಕಾರಣ ಹುಡುಕುತ್ತಿದ್ದ ಅವರ ಪರವಾಗಿ, ಗಿಲ್ಬರ್ಟ್ ಡೇನಿಯಲ್ಸ್ ಎಂಬ ತರುಣ ಅಧಿಕಾರಿಯು 4,063 ಚಾಲಕರ ದೇಹದ ಅಳತೆಗಳನ್ನು ಪರಿಶೀಲಿಸಿ 1952ರಲ್ಲಿ ವರದಿಯೊಪ್ಪಿಸಿದನು. ಆತನು ಆರಿಸಿಕೊಂಡ ಹತ್ತು ಅಳತೆಗಳಲ್ಲಿಯೂ ಸರಾಸರಿಯ ಆಸುಪಾಸಿಗೆ ಬರುವ ಚಾಲಕನು ಅಷ್ಟು ಸಾವಿರ ಜನರಲ್ಲಿ ಒಬ್ಬನೂ ಇರಲಿಲ್ಲ. ಸರಿಸಿಕೊಳ್ಳಬಹುದಾದ ಆಸನ, ಹೊಂದಿಸಿಕೊಳ್ಳಬಹುದಾದ ಪಟ್ಟಿ, ಇವು ಅಂಥ ವಿಚಾರದ ಫಲಗಳು. ಒಂದು ದೇಶದ ಆಯ್ದ ತರುಣರಲ್ಲಿಯೇ ಸರಾಸರಿಯ ಮನುಷ್ಯನು ದೊರೆಯದಿದ್ದರೆ, ಹದಿನಾರರ ಹುಡುಗಿಯಿಂದ ಅರವತ್ತರ ಮುದುಕಿಯವರೆಗೆ ಒಂದೇ ಹೊಲದಲ್ಲಿ ಕಳೆ ತೆಗೆಯುವ ನಮ್ಮ ನಾಡಿನಲ್ಲಿ ಅವನನ್ನು ಎಲ್ಲಿ ಹುಡುಕೋಣ?

ನಮ್ಮ ದೇಶದ ವಿದ್ವಾಂಸರೂ ಸುಮ್ಮನಿಲ್ಲ. ಭೋಪಾಲದ ಕೇಂದ್ರೀಯ ಕೃಷಿ ಇಂಜಿನಿಯರಿಂಗ್ ಸಂಸ್ಥೆಯು ಭಾರತದ ಕೃಷಿಕಾರ್ಮಿಕರ, ಹೆಂಗಸರನ್ನೊಳಗೊಂಡು, ದೇಹದ ಅಳತೆಗಳನ್ನು ಸಂಗ್ರಹಿಸಿ ಪ್ರಕಟಿಸಿದೆ. ‘ನವೀನ’ ಎಂಬ ಹಲ್ಲುಕುಡಗೋಲನ್ನು ರೂಪಿಸಿ, ಹಿಡಿತ ಚೆನ್ನಾಗಿ ಕೂಡಿ ಕೈಗೆ ಗಾಯವಾಗದಂತೆ ಅದರ ಹಿಡಿಗೆ ವಿಶೇಷ ಆಕಾರ ಕೊಟ್ಟಿದೆ. ಈ ವಿಜ್ಞಾನದ ಸಾರವನ್ನು ಒಕ್ಕಲಿನ ಮಾತಿನಲ್ಲಿ ಹೇಳುವುದಾದರೆ ಇಷ್ಟೆ: ಹಿಡಿ ತೀರ ದಪ್ಪವಾದರೆ ಬೆರಳುಗಳು ಸುತ್ತಿ ಮುಚ್ಚಲಾರದೆ ಕೈ ಬೇಗ ಸೋಲುತ್ತದೆ, ತೀರ ತೆಳ್ಳಗಾದರೆ ಕೈಯೊಳಗೆ ತಿರುಗಿ ಉಗುರು ಅಂಗೈಗೆ ನಾಟುತ್ತದೆ, ಗಿಡ್ಡವಾದರೆ ಅದರ ತುದಿ ಅಂಗೈಯ ನಟ್ಟನಡುವೆ ಒತ್ತಿ ಅಲ್ಲಿಯ ನರಕ್ಕೆ ನೋವು ಕೊಡುತ್ತದೆ. ಬಲವಾಗಿ ಹಿಡಿಯಬೇಕಾದ ಸಲಕರಣೆಗೆ ಸಾಮಾನ್ಯವಾಗಿ 30ರಿಂದ 40 ಮಿಲಿಮೀಟರು ದಪ್ಪವೂ, ಅಂಗೈಯ ಅಗಲವನ್ನು ದಾಟಿ ಎರಡು ಬದಿಗೂ ತುಸು ಹೊರಚಾಚುವಷ್ಟು ಉದ್ದವೂ ಹಿತ. ಸಣ್ಣ ಕೈಗೆ ಆ ದಪ್ಪದ ಕೆಳ ಎಲ್ಲೆ, ದೊಡ್ಡ ಕೈಗೆ ಮೇಲಿನ ಎಲ್ಲೆ.

ಅಳತೆಯ ಪಟ್ಟಿಯೂ ಬೇಕಾಗಿಲ್ಲ. ಹಿಡಿಯನ್ನು ಮುಷ್ಟಿಯಲ್ಲಿ ಹಿಡಿದಾಗ ಹೆಬ್ಬೆರಳಿನ ತುದಿಯು ತೋರುಬೆರಳಿನ ಮೊದಲ ಗೆಣ್ಣಿನ ಮೇಲೆ ಹಿತವಾಗಿ ಕೂಡಬೇಕು. ಹೆಬ್ಬೆರಳು ಬೆರಳುಗಳನ್ನು ಮುಟ್ಟದಿದ್ದರೆ ಅರೆಯಬೇಕು, ಬೆರಳತುದಿಗಳು ಅಂಗೈಯನ್ನು ತಿವಿದರೆ ತುಂಬಬೇಕು. ಆ ಹುಡುಗಿ ಪಿಸ್ತೂಲಿಗೆ ಮಾಡಿದ ಮಸಿಯ ಪರೀಕ್ಷೆಯನ್ನು ಕುರ್ಪಿಗೂ ಮಾಡಬಹುದು. ತುಂಬುವುದಕ್ಕೆ ಚಿಂದಿಗಿಂತ ಹತ್ತಿಯ ಹುರಿ ಲೇಸು: ಸಾಲುಸಾಲಾಗಿ ಒತ್ತಾಗಿ ಸುತ್ತಿ, ತುದಿಯನ್ನು ಸುತ್ತುಗಳ ಒಳಗೇ ಎಳೆದು ಬಿಗಿದರೆ ಅದು ಬೆವರನ್ನು ಹೀರುತ್ತದೆ, ಬೇಗ ಜಾರುವುದಿಲ್ಲ. ಅಲ್ಲಾಡುವ ಹಿಡಿಯನ್ನು ಮಾತ್ರ ಸುತ್ತಿ ಮುಚ್ಚಬಾರದು. ಬೆಣೆ ಸಡಿಲಾದ ಕೊಡಲಿಯ ತಲೆ ಬೀಸುವಾಗ ಹಾರಿಹೋಗಬಹುದಾದ್ದರಿಂದ, ಮೊದಲು ಹೊಸ ಬೆಣೆ ಬಡಿದು ಭದ್ರಪಡಿಸಿ, ಅನಂತರ ಅಂದಚಂದದ ಮಾತು. ಎಡಗೈಯವನನ್ನು ಎಡಚನೆಂದು ಹಾಸ್ಯಮಾಡುವ ಬದಲು ಅವನ ಹಲ್ಲುಕುಡಗೋಲಿನ ಹಲ್ಲುಗಳನ್ನು ಎಡಕ್ಕೆ ತಕ್ಕಂತೆ ಅರೆಸಿಕೊಡುವುದೇ ಬುದ್ಧಿವಂತಿಕೆ.

ಈ ಸೀಮೆಯ ಜನಕ್ಕೆ ಅಳತೆಯ ಮಹತ್ವವನ್ನು ಹೊರಗಿನವರು ಬಂದು ಕಲಿಸಬೇಕಾದುದಿಲ್ಲ. ಅಥಣಿಯ ಚಪ್ಪಲಿಯನ್ನು ನೋಡಿರಿ. ಕೊಲ್ಲಾಪುರಿಯೆಂಬ ಹೆಸರಿನಿಂದ ಲೋಕವಿಖ್ಯಾತವಾದ ಪಾದರಕ್ಷೆಗೆ 2019ರಲ್ಲಿ ಭೌಗೋಲಿಕ ಸೂಚಿಯ ಮಾನ್ಯತೆ ದೊರೆತಾಗ, ಅದು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗೂ ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಎಂಬ ನಾಲ್ಕು ಜಿಲ್ಲೆಗಳಿಗೂ ಸಮಾನವಾಗಿ ದೊರೆಯಿತು. ಹೆಸರು ಕೊಲ್ಲಾಪುರದ್ದಾದರೂ ಹೊಲಿಗೆಯ ದೊಡ್ಡದೊಂದು ಪಾಲು ಶ್ರಮ ಅಥಣಿ ನಿಪ್ಪಾಣಿಗಳ ಓಣಿಗಳಲ್ಲಿ ನಡೆಯುತ್ತದೆಂಬುದನ್ನು ನಮ್ಮವರು ಬಲ್ಲರು. ಆ ಓಣಿಗಳಲ್ಲಿ ಹಿಂದೆ ಗಿರಾಕಿಯ ಪಾದವನ್ನು ಚರ್ಮದ ಮೇಲೆ ಇಡಿಸಿ, ಅದರ ಸುತ್ತ ಗೆರೆಯೆಳೆದು, ಆ ಗೆರೆಯಂತೆಯೇ ತೊಗಲನ್ನು ಕತ್ತರಿಸುತ್ತಿದ್ದರು. ಕಾಲನ್ನು ಚಪ್ಪಲಿಗೆ ತಕ್ಕಂತೆ ಕತ್ತರಿಸುವ ಮೂರ್ಖತನವನ್ನು ನಮ್ಮವರು ಎಂದಿನಿಂದಲೂ ಪರಿಹಾಸ್ಯ ಮಾಡಿದ್ದಾರೆ. ಪಾದದ ವಿಷಯದಲ್ಲಿ ಇಷ್ಟು ತಿಳಿದ ಸೀಮೆಯು ಕೈಯ ವಿಷಯದಲ್ಲಿ ಮಾತ್ರ ಅದೇ ಮೂರ್ಖತನವನ್ನು ರೂಢಿಯೆಂದು ಒಪ್ಪಿಕೊಂಡಿರುವುದು ಆಶ್ಚರ್ಯವಲ್ಲವೆ?

ರೂಢಿಯನ್ನು ಪ್ರಶ್ನಿಸುವುದೂ ಇಲ್ಲಿಗೆ ಹೊಸದಲ್ಲ. ನಿಪ್ಪಾಣಿಯ ತಂಬಾಕಿನ ವಖಾರಿಗಳಲ್ಲಿ ಧೂಳನ್ನು ನುಂಗುತ್ತ ದುಡಿಯುತ್ತಿದ್ದ ಹೆಣ್ಣುಮಕ್ಕಳು 1980ರ ಸುಮಾರಿಗೆ ಸಂಘಟಿತರಾಗಿ ನಿಂತ ಕಥೆಯನ್ನು ಯುಗಾಂತರ ಎಂಬ ಮಹಿಳೆಯರ ಚಿತ್ರತಂಡವು 1982ರಲ್ಲಿ ಚಲಚ್ಚಿತ್ರವನ್ನಾಗಿ ಮಾಡಿತು. ಆ ಕಾರ್ಮಿಕ ಸ್ತ್ರೀಯರೇ ಅದರಲ್ಲಿ ತಮ್ಮ ಮಾತನ್ನು ತಾವೇ ಆಡಿದರು. ಕೂಲಿಯೇನು, ಹೊತ್ತೇನು, ಗೌರವವೇನು ಎಂದು ಕೇಳಲು ಕಲಿತ ಆ ಊರಿನಲ್ಲಿ, ದಿನವೆಲ್ಲ ಎಲೆ ಕತ್ತರಿಸುವ ಬೀಡಿಯವಳ ಕತ್ತರಿಯ ಬಳೆ ಆಕೆಯ ಹೆಬ್ಬೆರಳಿಗೆ ಸರಿಯಾಗಿದೆಯೆ ಎಂದು ಕೇಳುವುದು ಕ್ಷುಲ್ಲಕವೆನಿಸಲಾರದು. ಕೂಲಿ ಹೆಚ್ಚಾದರೆ ನೋವು ಕಡಿಮೆಯಾಗುವುದಿಲ್ಲ. ಅವೆರಡರ ಲೆಕ್ಕ ಬೇರೆ ಬೇರೆ.

ಇದಕ್ಕೆ ಬರುವ ಆಕ್ಷೇಪಗಳನ್ನು ನಾನು ಊಹಿಸಬಲ್ಲೆ. ಮೊದಲನೆಯದು, ಕೈ ತಾನಾಗಿಯೇ ಒಗ್ಗಿಕೊಳ್ಳುತ್ತದೆ, ಜಡ್ಡುಗಟ್ಟಿದ ಮೇಲೆ ನೋವೆಲ್ಲಿ ಎಂಬುದು. ಜಡ್ಡೆಂಬುದು ಒಗ್ಗಿಕೊಂಡದ್ದರ ಗುರುತಲ್ಲ. ಚರ್ಮವು ಸೋತು ಬರೆದುಕೊಟ್ಟ ಒಪ್ಪಂದ. ಚರ್ಮ ಒಪ್ಪಿಕೊಂಡರೂ ಅದರಡಿಯ ನರವೂ ಮಣಿಕಟ್ಟೂ ಒಪ್ಪಿಕೊಳ್ಳುವುದಿಲ್ಲವೆಂಬುದನ್ನು ರಾತ್ರಿ ಕೈ ಜೋಮುಹಿಡಿದು ಎಚ್ಚರಗೊಳ್ಳುವವರನ್ನು ಕೇಳಿ ತಿಳಿಯಬಹುದು. ಎರಡನೆಯದು, ಕಬ್ಬು ಕಡಿಯುವವರು ಹೊರಗಿನವರು, ಅವರ ಸಲಕರಣೆ ಅವರ ಚಿಂತೆ ಎಂಬುದು. ಕಡಿದ ಕಬ್ಬು ನಮ್ಮದು, ಅದರ ಸಕ್ಕರೆ ನಮ್ಮದು, ಕಡಿದ ಕೈ ಮಾತ್ರ ಬೇರೆಯವರದು ಎಂಬ ನ್ಯಾಯ ಕಾಯಕವನ್ನು ಪೂಜೆಯೆಂದು ಎಣಿಸಿದ ನಾಡಿಗೆ ಒಪ್ಪತಕ್ಕದ್ದಲ್ಲ. ಮೂರನೆಯದು, ಯಂತ್ರ ಬಂದಿದೆ, ಇನ್ನು ಕೊಯ್ತಾದ ಚಿಂತೆ ಏಕೆ ಎಂಬುದು. ಕಬ್ಬು ಕಡಿಯುವ ಯಂತ್ರಗಳು ಹೊಲಕ್ಕಿಳಿದಿರುವುದು ನಿಜ. ಆದರೆ ಸಣ್ಣ ಹಿಡುವಳಿಯಲ್ಲಿಯೂ ಇಕ್ಕಟ್ಟಿನ ಸಾಲುಗಳಲ್ಲಿಯೂ ಅವು ತಿರುಗಲಾರವು, ಕಳೆ ತೆಗೆಯುವ ಕುರ್ಪಿಗಂತೂ ನಿವೃತ್ತಿಯೇ ಇಲ್ಲ. ನಾಳೆ ಬರುವ ಯಂತ್ರದ ಹೆಸರು ಹೇಳಿ ಇಂದಿನ ನೋವನ್ನು ಮುಂದೂಡುವುದು ಯಾವ ನೀತಿ?

ವೆಚ್ಚದ ಮಾತನ್ನು ಯಾರಾದರೂ ಎತ್ತಿದರೆ ಅವರಿಗೆ ಉತ್ತರ ಹೇಳಲು ನಾಚಿಕೆಯಾಗಬೇಕು. ಒಂದು ಜಾಲಿಯ ತುಂಡು, ಒಂದು ಬಳೆ, ಬಡಿಗನ ಅರ್ಧ ಗಂಟೆ. ಇದಕ್ಕಿಂತ ಹೆಚ್ಚಿನದೇನನ್ನೂ ಈ ಸುಧಾರಣೆ ಬೇಡುವುದಿಲ್ಲ.

ಮಾಡಬೇಕಾದುದು ಕಷ್ಟವಲ್ಲ. ಸಕ್ಕರೆಯ ಕಾರಖಾನೆಗಳು ಕಬ್ಬು ನುರಿಸುವ ಹಂಗಾಮಿಗೆ ಮೊದಲು ಬಾಯ್ಲರಿಗೆ ಬೆಂಕಿ ಹಾಕುವ ಪೂಜೆಯನ್ನು ವೈಭವದಿಂದ ಮಾಡುತ್ತವೆ. ಅದೇ ವಾರದಲ್ಲಿ ಟೋಳಿಗಳು ಬಂದಿಳಿಯುವ ಬಯಲಿನಲ್ಲಿ ಇಬ್ಬರು ಬಡಿಗರನ್ನೂ ಒಬ್ಬ ಕಮ್ಮಾರನನ್ನೂ ನಾಲ್ಕು ದಿನ ಕೂಡಿಸಿ, ಮೂರು ಅಳತೆಯ ಹಿಡಿಗಳನ್ನು ರಾಶಿ ಹಾಕಿ, ಬಂದ ಪ್ರತಿಯೊಬ್ಬ ಗಂಡಸಿಗೂ ಪ್ರತಿಯೊಬ್ಬ ಹೆಂಗಸಿಗೂ ಹಿಡಿದು ನೋಡಲು ಅವಕಾಶ ಕೊಟ್ಟು, ಒಪ್ಪಿದ್ದನ್ನು ಅವರ ಅಲಗಿಗೆ ಕೂಡಿಸಿಕೊಡಲಿ. ಆಗ ‘ಒಂದು ಕೊಯ್ತಾ’ ಎಂಬ ಲೆಕ್ಕದೊಳಗಿಂದ ಎರಡು ಕೈಗಳಾದರೂ ಬೇರೆಯಾಗಿ ಹೊರಗೆ ಕಂಡಾವು. ನಮ್ಮ ತಾಲೂಕುಗಳ ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಬಡಗಿತನ ಕಲಿಯುವ ಹುಡುಗರಿಗೆ ಪರೀಕ್ಷೆಗಾಗಿ ಮಾದರಿಯ ಮರದ ಕೀಲುಗಳನ್ನು ಮಾಡಿಸಿ ಎಸೆಯುವ ಬದಲು, ಹಳ್ಳಿಯ ಒಬ್ಬ ದುಡಿಯುವ ಹೆಂಗಸಿನ ಕೈಯನ್ನು ಅಳೆದು ಒಂದು ಹಿಡಿ ಮಾಡಿಕೊಡುವ ಪಾಠವನ್ನು ಕೊಡಲಿ. ಕೃಷಿ ವಿಜ್ಞಾನ ಕೇಂದ್ರಗಳು ಬೀಜಗೊಬ್ಬರಗಳ ಜೊತೆಗೆ ಹಿಡಿಯ ಅಳತೆಯ ತಿಳಿವಳಿಕೆಯನ್ನೂ ಹರಡಲಿ. ಸಲಕರಣೆ ಮಾರುವ ಪೇಟೆಯ ವರ್ತಕರು ಅಲಗನ್ನೂ ಹಿಡಿಯನ್ನೂ ಬೇರೆ ಬೇರೆಯಾಗಿ ಮಾರಲಿ. ಚಪ್ಪಲಿಗೆ ನಂಬರು ಕೇಳುವ ಗಿರಾಕಿ ಕುಡಗೋಲಿಗೂ ಕೇಳುವ ಕಾಲ ಬರಲಿ.

ನಮ್ಮ ಕಡೆ ಖಂಡೇನವಮಿಯ ದಿನ ಮನೆಯ ಸಲಕರಣೆಗಳನ್ನೆಲ್ಲ ತೊಳೆದು, ಸಾಲಾಗಿ ಇಟ್ಟು, ಕುಂಕುಮವಿಟ್ಟು ಪೂಜಿಸುವ ಸಂಪ್ರದಾಯವುಂಟು. ಆ ಸಾಲಿನಲ್ಲಿ ಕುಡಗೋಲು, ಕೊಡಲಿ, ಕುರ್ಪಿ, ಇಳಿಗೆ, ಈಚೆಗೆ ಟ್ರ್ಯಾಕ್ಟರಿನ ಪಾನೆ, ಎಲ್ಲವೂ ಇರುತ್ತವೆ. ಕುಂಕುಮ ಬೀಳುವುದು ಅಲಗಿಗೆ. ಈ ವರ್ಷ ಓದುಗರು ಪೂಜೆಗೆ ಕೂಡುವ ಮುನ್ನ ಆ ಸಲಕರಣೆಗಳನ್ನು ಒಂದೊಂದಾಗಿ, ಅವುಗಳನ್ನು ನಿತ್ಯವೂ ಹಿಡಿಯುವವರ ಕೈಗೇ ಕೊಟ್ಟು, ಹೆಬ್ಬೆರಳು ಬೆರಳನ್ನು ಮುಟ್ಟುತ್ತದೆಯೆ, ತುದಿ ಅಂಗೈಗೆ ಒತ್ತುತ್ತದೆಯೆ, ಹಿಡಿ ಅಲ್ಲಾಡುತ್ತದೆಯೆ ಎಂಬ ಮೂರು ಪ್ರಶ್ನೆಗಳನ್ನು ಕೇಳಲಿ. ಉತ್ತರ ಸರಿಯಿಲ್ಲದಿದ್ದರೆ ಪೂಜೆಯನ್ನು ಅರ್ಧ ಗಂಟೆ ತಡಮಾಡಿಯಾದರೂ ಅರವನ್ನು ಕೈಗೆತ್ತಿಕೊಳ್ಳಲಿ. ಆ ಹುಡುಗಿ ಸಂಜೆಯೊಳಗಾಗಿ ತನ್ನ ಪಿಸ್ತೂಲಿನ ಹಿಡಿಯನ್ನು ಬದಿಗಿಟ್ಟು, ಅಜ್ಜಿಯ ಕುರ್ಪಿಯನ್ನು ಮುಗಿಸಿ ಕೊಟ್ಟಿದ್ದಳು. ಮರುದಿನ ಬೆಳಗ್ಗೆ ಅಜ್ಜಿ ಅದಕ್ಕೆ ಚಿಂದಿ ಸುತ್ತದೆಯೇ ಹೊಲಕ್ಕೆ ಹೋದಳು.